ಆಯ್ತಪ್ಪನವರ ಕಟ್ಟಡಕ್ಕೆ ಕೆಂಪು ಬಿದ್ದದ್ದು

ಅವರ ನಿಜವಾದ ಹೆಸರು ನೀರಿನ ಬಿಲ್ಲಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಬೀದಿಗೆಲ್ಲ ಅವರು ಆಯ್ತಪ್ಪನವರು. ಯಾರು ಏನು ಕೇಳಿದರೂ "ಆಯ್ತು" ಎಂದುಬಿಡುವುದು ಅವರ ಹುಟ್ಟುಗುಣ. ಹುಟ್ಟುಗುಣವೋ, ಸುಟ್ಟರೂ ಹೋಗುವಂಥದ್ದಲ್ಲ. ಒಮ್ಮೆ ಕ್ಷೌರದಂಗಡಿಯ ಕುರ್ಚಿಯಲ್ಲಿ ಅರೆನಿದ್ದೆಯಲ್ಲಿದ್ದಾಗ "ಮೀಸೆನೂ ತೆಗೆದುಬಿಡ್ಲಾ ಸಾರ್?" ಎಂದು ಕೇಳಿದ್ದಕ್ಕೆ "ಆಯ್ತು" ಎಂದರು. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, "ಅವರು ಅಂಗಡೀಲಿದ್ದಾರೆ, ಸಂಜೆ ಬನ್ನಿ" ಎಂದಳು.

ಆಯ್ತಪ್ಪನವರದು ಪುಸ್ತಕಗಳಿಗೆ ರಟ್ಟು ಹಾಕುವ ಕಸುಬು. ನಾಲ್ಕು ಮಹಡಿಯ ಹಳೇ ಕಟ್ಟಡ. ರಸ್ತೆಮಟ್ಟದಲ್ಲಿ ಅಂಗಡಿ, ಮೊದಲ ಮಹಡಿಯಲ್ಲಿ ಮನೆ. ಆ ವರ್ಷದ ಬೇಸಿಗೆ ಎಂಥದ್ದೆಂದರೆ, ಡಬ್ಬಿಯಿಂದ ಪುಸ್ತಕದ ಬೆನ್ನಿಗೆ ಹೋಗುವಷ್ಟರಲ್ಲೇ ಅಂಟು ಒಣಗಿ ಕುಂಚ ಸೌದೆಯಾಗುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಅವರು ನೀರಿನ ಬಿಲ್ಲು ಕಟ್ಟಲು ನಗರಾಡಳಿತದ ಕಚೇರಿಗೆ ಹೋದರು. ನೀರಿನ ಕಿಟಕಿಯ ಸಾಲು ಮೆಟ್ಟಿಲಿಳಿದು, ಅಂಗಳ ದಾಟಿ, ಸೈಕಲ್ ಸ್ಟ್ಯಾಂಡನ್ನು ಒಂದು ಸುತ್ತು ಹಾಕಿ, ಗೇಟಿನಾಚೆ ಸುಡುಬಿಸಿಲಿಗೆ ಬಂದು ನಿಂತಿತ್ತು. ಪಕ್ಕದಲ್ಲೇ ಇನ್ನೊಂದು ಕಿಟಕಿ. ಅದರ ಮುಂದೆ ಒಂದು ನರಪಿಳ್ಳೆಯೂ ಇಲ್ಲ. ಒಳಗೆ ಫ್ಯಾನು ತಿರುಗುತ್ತಿದೆ. ಮೇಲೆ ಫಲಕದಲ್ಲಿ ಏನೋ ಉದ್ದಕ್ಕೆ ಬರೆದಿತ್ತು. ಆದರೆ ಆಯ್ತಪ್ಪನವರು ಅಕ್ಷರಗಳನ್ನು ಹೊಲಿಯುವವರೇ ಹೊರತು ಓದುವವರಲ್ಲ. ಒಂದು ನಿಮಿಷ ಮುಖಕ್ಕೆ ಗಾಳಿ ತಗೊಂಡು ಬರೋಣವೆಂದು ಹೋಗಿ ನಿಂತರು.

ಒಳಗಿದ್ದ ಅಧಿಕಾರಿ, ದಪ್ಪ ಕನ್ನಡಕದ ಹೆಂಗಸು, ತಟ್ಟನೆ ಎದ್ದು ನಿಂತರು. ಕಚೇರಿಯೊಂದರಲ್ಲಿ ತಮ್ಮನ್ನು ಕಂಡು ಯಾರಾದರೂ ಎದ್ದು ನಿಂತದ್ದು ಆಯ್ತಪ್ಪನವರ ಐವತ್ತೆರಡು ವರ್ಷದ ಬಾಳಿನಲ್ಲಿ ಅದೇ ಮೊದಲು. ಹಿಂದೆ ಯಾರೋ ದೊಡ್ಡವರು ಬಂದಿರಬೇಕೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ನಿಮಗೇ ಸಾರ್ ಹೇಳ್ತಿರೋದು. ಬನ್ನಿ ಬನ್ನಿ, ಒಳಗೇ ಬನ್ನಿ! ಟೀ ಕುಡೀತೀರಾ?"

"ಆಯ್ತು" ಎಂದರು ಆಯ್ತಪ್ಪನವರು. ಅಲ್ಲಿಂದ ಶುರುವಾಯಿತು.

ಕುರ್ಚಿ ಬಂತು, ಟೀ ಬಂತು, ಜೊತೆಗೆ ಎರಡು ಬಿಸ್ಕತ್ತೂ ಬಂತು. "ಎಂಟು ತಿಂಗಳಾಯ್ತು ಸಾರ್ ಈ ವಿಭಾಗ ತೆರೆದು" ಎಂದರು ಆಕೆ. "ಕಟ್ಟಡ ತಂಪು ಮತ್ತು ಇಂಗಾಲ ಕಡಿತ ವಿಭಾಗ. ನೀವೇ ಮೊದಲನೆಯವರು! ಈ ತಿಂಗಳೊಳಗೆ ಒಂದಾದ್ರೂ ಅರ್ಜಿ ಬರದಿದ್ರೆ ಬಾಗಿಲು ಹಾಕಿ ನನ್ನನ್ನ ನಾಯಿ ಲೈಸೆನ್ಸಿಗೆ ಕಳಿಸ್ತೀವಿ ಅಂದಿದ್ರು. ನನಗೆ ನಾಯಿ ಅಂದ್ರೆ ಪ್ರಾಣಭಯ ಸಾರ್."

ನಾನು ನೀರಿನ ಬಿಲ್ಲಿಗೆ ಬಂದವನು ಎನ್ನಲು ಆಯ್ತಪ್ಪನವರು ಬಾಯಿ ತೆರೆದರು. ಆ ಬಾಯಿಯಲ್ಲಿ ಬಿಸ್ಕತ್ತಿತ್ತು. ಬಿಸ್ಕತ್ತು ಕೊಟ್ಟವರಿಗೆ, ಅದೂ ಬಾಯಲ್ಲಿರುವಾಗಲೇ, ಹಾಗೆ ಹೇಳುವುದು ಹೇಗೆ? ನುಂಗಿಬಿಟ್ಟರು, ಬಿಸ್ಕತ್ತನ್ನೂ ಮಾತನ್ನೂ.

ಆಕೆ ಮೇಜಿನ ಮೇಲೆ ಒಂದು ಚಿತ್ರ ಹರಡಿ ವಿವರಿಸತೊಡಗಿದರು. "ನೋಡಿ, ಬಿಸಿಲು ಜಾಸ್ತಿಯಾಯ್ತು ಅಂತ ಎಸಿ ಹಾಕ್ತೀವಿ. ಎಸಿಗೆ ಕರೆಂಟು, ಕರೆಂಟಿಗೆ ಕಲ್ಲಿದ್ದಲು, ಕಲ್ಲಿದ್ದಲು ಸುಟ್ಟರೆ ಇಂಗಾಲ, ಇಂಗಾಲದಿಂದ ಇನ್ನೂ ಬಿಸಿಲು, ಅದಕ್ಕೆ ಇನ್ನೊಂದು ಎಸಿ. ಹೌದೋ ಅಲ್ವೋ?"

ಇಂಗಾಲದ ಮಾತು ಕೇಳಿ ಆಯ್ತಪ್ಪನವರು ಇಂಗು ತಿಂದ ಮಂಗನಂತೆ ಕೂತಿದ್ದರು. "ಆಯ್ತು" ಎಂದರು.

"ಕಟ್ಟಡದವರೆಲ್ಲ ಒಪ್ಪಿದ್ದಾರೆ ತಾನೆ?"

"ಆಯ್ತು."

"ಹಾಗಾದ್ರೆ ಇಲ್ಲಿ ಒಂದು ಸೈನು. ಇಲ್ಲೊಂದು. ಇಲ್ಲೂ ಒಂದು."

ಮೂರು ಸೈನು ಹಾಕಿ, ಮತ್ತೆ ಬಿಸಿಲಿನ ಸಾಲಿನಲ್ಲಿ ಎರಡು ಗಂಟೆ ನಿಂತು ಬಿಲ್ಲು ಕಟ್ಟಿ ಆಯ್ತಪ್ಪನವರು ಮನೆಗೆ ಬಂದರು. "ಯಾಕ್ರೀ ಇಷ್ಟು ಹೊತ್ತು?" ಎಂದಳು ಹೆಂಡತಿ. "ಸಾಲು ಉದ್ದ ಇತ್ತು" ಎಂದರು. ಅದು ಸುಳ್ಳಲ್ಲ. ಉಳಿದದ್ದನ್ನು ಸಮಯ ನೋಡಿ ಹೇಳೋಣ ಎಂದುಕೊಂಡರು. ಆ ಸಮಯವೆನ್ನುವುದು ಮಹಾ ಮೋಸಗಾರ. ನಾವು ನೋಡುವಾಗ ಬರುವುದಿಲ್ಲ, ಬಂದಾಗ ಹೇಳಿಕೇಳಿ ಬರುವುದಿಲ್ಲ.

ಅದು ಬಂದದ್ದು ನಾಲ್ಕನೆಯ ದಿನ ಮಧ್ಯಾಹ್ನ. ದಪ್ಪ ಕನ್ನಡಕದ ಆ ತಂಪು ಮೇಡಂ ರಸ್ತೆಯಾಚೆ ಮೂರು ಕಾಲಿನ ಮೇಲೆ ಒಂದು ಕ್ಯಾಮೆರಾ ನಿಲ್ಲಿಸಿ ಕಟ್ಟಡದ ಕಡೆ ತಿರುಗಿಸಿದರು. ಆಯ್ತಪ್ಪನವರು ಅಂಗಡಿಯ ಬಾಗಿಲಿಂದ ಅದನ್ನು ಕಂಡವರೇ, ಹೊಲಿಯುತ್ತಿದ್ದ ಪುಸ್ತಕದ ಸಮೇತ ಮೇಜಿನ ಕೆಳಗೆ ಇಳಿದರು. ರಸ್ತೆಗೆ ಹೋದವನು ಎರಡನೇ ಮಹಡಿಯ ಭಾವಮೈದ.

ಈತ ಹೆಂಡತಿಯ ತಮ್ಮ, ವಕೀಲರೊಬ್ಬರ ಗುಮಾಸ್ತ. ಕಾನೂನು ಓದಿದವರಿಗೆ ಒಂದಿಷ್ಟು ಅನುಮಾನವಾದರೂ ಉಳಿದಿರುತ್ತದೆ. ಕಾನೂನಿನ ಕಡತ ಹೊತ್ತವನಿಗೆ ಅದೂ ಇರುವುದಿಲ್ಲ. ಅವನು ಕ್ಯಾಮೆರಾದ ಪರದೆಯಲ್ಲಿ ಇಣುಕಿದ. ತಾನು ದಿನವೂ ನೋಡುವ ಬೂದುಬಣ್ಣದ ಕಟ್ಟಡ ಅಲ್ಲಿ ಕೆಂಡದಂತೆ ನಿಗಿನಿಗಿ ಉರಿಯುತ್ತಿತ್ತು.

"ಏನ್ ಮೇಡಂ ಇದು, ಇಷ್ಟು ಕೆಂಪು?"

"ಅದೇ ನೋಡಿ, ನಾಲ್ಕನೇ ಮಹಡಿ ಪೂರ್ತಿ ಕೆಂಪು. ಮೂರನೇದರದು ಹೊರಗೋಡೆ ಕೆಂಪು. ಇದನ್ನೆಲ್ಲ ತೆಗೀಬೇಕು" ಎಂದರು ಮೇಡಂ, ಬರೆದುಕೊಳ್ಳುತ್ತ, ತಲೆ ಎತ್ತದೆ.

"ತೆಗೀಬೇಕು ಅಂದ್ರೆ?"

"ತೆಗೀಲೇಬೇಕಲ್ಲ. ಹದಿನೈದು ದಿನ ಬಿಟ್ಟು ಬರ್ತೀನಿ, ಆಗ ಕೆಲಸ ಶುರು."

"ಯಾರನ್ನ ಕೇಳಿ ಶುರು ಮಾಡ್ತೀರಿ?"

"ಕಟ್ಟಡದವರೇ ಅರ್ಜಿ ಕೊಟ್ಟಿದ್ದಾರಲ್ಲ!" ಎಂದು ನಕ್ಕು, ಕ್ಯಾಮೆರಾ ಮಡಚಿ ಆಕೆ ಹೊರಟುಹೋದರು.

ಅರ್ಧ ಗಂಟೆಯಲ್ಲಿ ಮೆಟ್ಟಿಲ ಮೇಲೆ ಸಭೆ ಸೇರಿತು. ಭಾವಮೈದ ಮೆಟ್ಟಿಲ ಕಂಬಿ ಹಿಡಿದು ನಿಂತು, ಸತ್ತ ಸುದ್ದಿ ಹೇಳುವವನ ಗಂಭೀರ ಧ್ವನಿಯಲ್ಲಿ ಹೇಳಿದ: "ನಮ್ಮ ಕಟ್ಟಡಕ್ಕೆ ಕೆಂಪು ಬಿದ್ದಿದೆ. ಕೆಂಪು ಬಿದ್ದಿದ್ದನ್ನೆಲ್ಲ ಒಡೆದು ತೆಗೀತಾರಂತೆ. ಹದಿನೈದೇ ದಿನ."

ನಾಲ್ಕನೇ ಮಹಡಿಯ ನರ್ಸಮ್ಮ ನಡುವಿಗೆ ಕೈಯಿಟ್ಟರು. ಆಸ್ಪತ್ರೆಯಿಂದ ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಅವರು ನಡೆದು ಬಂದರೆ ಆರೋಗ್ಯವಂತರೂ ಹಾಸಿಗೆ ಹುಡುಕುತ್ತಿದ್ದರು. "ಒಡೀತಾರಾ? ಈಗ ಆ ಮನೇಲಿ ಇರೋದಕ್ಕೇ ಆಗ್ತಿಲ್ಲ. ಮಧ್ಯಾಹ್ನ ನಲವತ್ತೊಂದು ಡಿಗ್ರಿ, ನಾನೇ ಅಳೆದಿದ್ದೀನಿ. ಸುಟ್ಟು ಸಾಯಿಸೋದು ಸಾಲದು ಅಂತ ಒಡೆದೂ ಸಾಯಿಸ್ತಾರಾ?"

"ಅದಕ್ಕಿಂತ ದೊಡ್ಡ ವಿಷಯ ಇದೆ" ಎಂದ ಭಾವಮೈದ. "ಅರ್ಜಿ ಕೊಟ್ಟಿರೋದು ನಮ್ಮವರೇ. ನಮ್ಮೊಳಗೇ ಒಬ್ಬ ಮನೆಮುರುಕ ಇದ್ದಾನೆ."

ಎಲ್ಲರೂ ಎಲ್ಲರನ್ನೂ ನೋಡಿದರು. ಆಯ್ತಪ್ಪನವರು ತಮ್ಮ ಚಪ್ಪಲಿ ನೋಡಿಕೊಂಡರು.

"ಅವನು ಸಿಕ್ಕಿದ್ರೆ ನನ್ನ ಕೈಗೆ ಕೊಡಿ" ಎಂದರು ನರ್ಸಮ್ಮ. "ಮೂವತ್ತೈದು ವರ್ಷ ಸೂಜಿ ಚುಚ್ಚಿದ ಕೈ ಇದು. ಎಲ್ಲಿ ಚುಚ್ಚಿದ್ರೆ ಎಷ್ಟು ದಿನ ಕೂರೋಕಾಗಲ್ಲ ಅಂತ ಗೊತ್ತಿದೆ."

ಹೇಳಿಬಿಡೋಣವೆಂದು ಆಯ್ತಪ್ಪನವರು ಕೈ ಎತ್ತಿದರು. "ಅದು... ನಾನು..." ಎನ್ನುವಷ್ಟರಲ್ಲಿ ಭಾವಮೈದ ಆ ಎತ್ತಿದ ಕೈಯನ್ನು ಹಿಡಿದು ಕುಲುಕಿದ. "ನೋಡಿ, ನಮ್ಮ ಭಾವ ಮುಂದೆ ಬಂದ್ರು! ಆ ದ್ರೋಹಿನ ಪತ್ತೆ ಹಚ್ಚೋ ಜವಾಬ್ದಾರಿ ಅವರೇ ತಗೋತಾರೆ. ಅಲ್ವಾ ಭಾವ?"

"ಆಯ್ತು" ಎಂದರು ಆಯ್ತಪ್ಪನವರು.

ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಕಥೆ ಕೇಳಿದ್ದೇವೆ. ಕಳ್ಳನ ಕೈಗೆ ಲಾಠಿ ಕೊಟ್ಟು, ನಿನ್ನನ್ನು ನೀನೇ ಹಿಡಿದುಕೊಂಡು ಬಾ ಎಂದದ್ದು ಅದೇ ಮೊದಲು.

ಅಷ್ಟಕ್ಕೇ ಮುಗಿಯಲಿಲ್ಲ. ಒಡೆಯುವ ಮನೆಯಲ್ಲಿ ನಾನೊಬ್ಬಳೇ ಇರಲಾರೆ ಎಂದು ನರ್ಸಮ್ಮ ಟ್ರಂಕು, ಹಾಸಿಗೆ, ಗೋಡೆಗೆ ತೂಗುಹಾಕುವ ಉಷ್ಣಮಾಪಕ ಎಲ್ಲವನ್ನೂ ಇಳಿಸಿಕೊಂಡು ಮೊದಲ ಮಹಡಿಗೆ ಬಂದರು. "ನಿಮ್ಮ ಹಾಲಿನಲ್ಲಿ ಒಂದು ಮೂಲೆ ಸಾಕು. ಇರಬಹುದಾ?" ಎಂದು ಕೇಳಿದ್ದು, ದುರದೃಷ್ಟವಶಾತ್, ಆಯ್ತಪ್ಪನವರನ್ನೇ. ಉತ್ತರ ಏನೆಂದು ಓದುಗರಿಗೆ ಗೊತ್ತಿದೆ.

ಆವತ್ತಿನಿಂದ ಅವರ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಕಣ್ಣುಬಿಟ್ಟರೆ ಎದುರಿಗೆ ನರ್ಸಮ್ಮ: "ಸಿಕ್ಕಿದ್ನಾ?" ಊಟಕ್ಕೆ ಕೂತರೆ: "ಸುಳಿವೇನಾದ್ರೂ?" ಆಯ್ತಪ್ಪನವರು ತುತ್ತನ್ನು ಗಂಟಲಲ್ಲಿ ನಿಲ್ಲಿಸಿಕೊಂಡು, "ಅನುಮಾನ ಇದೆ, ಸಾಕ್ಷಿ ಸಾಲದು" ಎನ್ನುತ್ತಿದ್ದರು. "ನಿಮ್ಮ ಯಜಮಾನ್ರು ಆ ದ್ರೋಹಿಗೋಸ್ಕರ ತುಂಬ ಸೊರಗಿಬಿಟ್ಟಿದ್ದಾರೆ ಕಣಮ್ಮ" ಎಂದು ನರ್ಸಮ್ಮ ಅವರ ಹೆಂಡತಿಯ ಹತ್ತಿರ ಮರುಗಿ, ಅವರಿಗೆ ದಿನಾ ಎರಡು ಹೊತ್ತು ಕಹಿ ಟಾನಿಕ್ಕು ಕುಡಿಸತೊಡಗಿದರು.

ಸಭೆಯಾದ ಐದನೆಯ ದಿನ ಭಾವಮೈದ ಕಚೇರಿಯ ಜವಾನನಿಂದ ಗುಟ್ಟು ತಿಳಿದು ಬಂದ. ಮತ್ತೆ ಸಭೆ. "ಅದು ಸಾಮಾನ್ಯ ಕ್ಯಾಮೆರಾ ಅಲ್ಲ. ಗೋಡೆ ಬಿಸಿ ಇದ್ರೆ ಕೆಂಪು ತೋರಿಸುತ್ತೆ, ತಣ್ಣಗಿದ್ರೆ ನೀಲಿ. ಅಂದ್ರೆ ಏನರ್ಥ?"

"ಏನು?" ಎಂದಿತು ಮೆಟ್ಟಿಲು.

"ಅವರು ಬರೋ ಹೊತ್ತಿಗೆ ಕಟ್ಟಡವನ್ನ ತಣ್ಣಗೆ ಮಾಡಿಟ್ಟುಬಿಟ್ರೆ ಕೆಂಪೇ ಇರಲ್ಲ! ಕೆಂಪೇ ಇಲ್ಲದಿದ್ರೆ ಏನನ್ನ ಒಡೀತಾರೆ? ಇಡೀ ಇಲಾಖೆ ಕಣ್ಣಿಗೆ ಮಣ್ಣೆರಚೋಣ."

ಯೋಜನೆ ಎಲ್ಲರಿಗೂ ಮೆಚ್ಚುಗೆಯಾಯಿತು. ಒಳ್ಳೆಯ ಕೆಲಸ ಮಾಡಿ ಎಂದರೆ ಒಬ್ಬರೂ ಮೈಬಗ್ಗಿಸದ ಕಟ್ಟಡ ಅದು. ಆದರೆ ಇಲಾಖೆಗೆ ಮೋಸ ಮಾಡೋಣ ಎಂದ ಕೂಡಲೇ ಜನ ತೋಳೇರಿಸಿ ನಿಂತರು. ಮೊದಲು ತಾರಸಿ. ಹತ್ತು ವರ್ಷದಿಂದ ಕರ್ರಗೆ ಬಿದ್ದಿದ್ದ ತಾರಸಿಯನ್ನು ಗುಡಿಸಿ, ತೊಳೆದು, ಮೂರು ಕೈ ಬಿಳಿ ಸುಣ್ಣ ಬಳಿದರು. ಬಳಿದವರು ಯಾರು? "ಭಾವ, ನೀವು ಅಂಟು ಬಳಿದು ಅಭ್ಯಾಸ ಇರೋರು" ಎಂದು ಭಾವಮೈದ ಕುಂಚ ಕೊಟ್ಟ. ಆಯ್ತಪ್ಪನವರು ಬಳಿದರು. ಸಂಜೆ ಇಳಿದು ಬಂದಾಗ ಹುಬ್ಬು ಸಹಿತ ಬೆಳ್ಳಗಾಗಿದ್ದರು. ಹೆಂಡತಿ ಈ ಸಲ ಅನುಭವದಿಂದ, "ಇವರು ನಮ್ಮೋರೇ ಇರಬೇಕು" ಎಂದು ಒಳಗೆ ಬಿಟ್ಟಳು.

ಪಡುವಣ ಗೋಡೆಯ ಕಿಟಕಿಗಳಿಗೆಲ್ಲ ಹೊರಗಡೆ ಬಿದಿರಿನ ಚಾಪೆ ಇಳಿಬಿಟ್ಟರು. ಕುಂಡಗಳಲ್ಲಿ ಬಳ್ಳಿ ತಂದು ಕಿಟಕಿಯ ಸಜ್ಜಾಗಳ ಮೇಲಿಟ್ಟರು. ಎಷ್ಟೋ ವರ್ಷದಿಂದ ಹಳೇ ಪತ್ರಿಕೆ ತುರುಕಿ ಮುಚ್ಚಿದ್ದ ಮೆಟ್ಟಿಲ ಮೇಲಿನ ಗಾಳಿಗಂಡಿಗಳನ್ನು ತೆಗೆದರು. ಒಳಗಿಂದ ಮೂರು ಗೂಡು, ಒಂದು ಬಾಚಣಿಗೆ, ಭಾವಮೈದನಿಗೆ ಆರು ವರ್ಷದ ಹಿಂದೆ ಬಂದಿದ್ದ ಒಂದು ಪತ್ರ, ಇಷ್ಟು ಸಿಕ್ಕಿದವು. ಗಂಡಿ ತೆರೆದದ್ದೇ ತಡ, ಕೆಳಗಿನಿಂದ ಮೇಲಕ್ಕೆ ಸುಯ್ ಎಂದು ಗಾಳಿ ಎದ್ದು ನರ್ಸಮ್ಮನ ಸೆರಗು ಹಾರಿತು.

ಉಳಿದದ್ದು ಮೂರನೇ ಮಹಡಿಯ ಎಸಿ ರಾಯರು. ಟೈಲ್ಸ್ ಅಂಗಡಿಯ ಈ ಮನುಷ್ಯನ ಮನೆಯಲ್ಲಿ ಮೂರು ಎಸಿ. ಒಳಗೆ ಅವರು ನಡುಬೇಸಿಗೆಯಲ್ಲೂ ಸ್ವೆಟರ್ ಹಾಕಿ ಕೂತಿರುತ್ತಿದ್ದರು. ಹೊರಗೋಡೆಯ ಮೂರು ಪೆಟ್ಟಿಗೆಗಳು ಮಾತ್ರ ಬುಸುಬುಸು ಬಿಸಿಗಾಳಿ ಕಾರಿ ಅದನ್ನು ನೇರವಾಗಿ ನರ್ಸಮ್ಮನ ಕಿಟಕಿಗೆ ಕಳಿಸುತ್ತಿದ್ದವು.

"ನನ್ನ ಮನೆ ತಣ್ಣಗೇ ಇದೆ. ನನ್ನದು ನೀಲಿ" ಎಂದರು ರಾಯರು, ಬಾಗಿಲನ್ನು ಒಂದು ಗೇಣಷ್ಟೇ ತೆರೆದು.

"ಒಳಗೆ ನೀಲಿ, ಹೊರಗೆ ಕೆಂಪು. ಒಡೆಯೋರು ಹೊರಗಿಂದ ತಾನೆ ಒಡೆಯೋದು?" ಎಂದ ಭಾವಮೈದ.

"ಆಫ್ ಮಾಡಿದ್ರೆ ನಾನು ಬದುಕಲ್ಲ ಸ್ವಾಮಿ! ಸೆಕೆಗೆ ನನಗೆ ಎದೆ ಹಾರುತ್ತೆ."

ನರ್ಸಮ್ಮ ಮುಂದೆ ಬಂದರು. ಆ ಒಂದು ಗೇಣಿನ ಸಂದಿಯಲ್ಲೇ ಕೈ ತೂರಿಸಿ ರಾಯರ ನಾಡಿ ಹಿಡಿದರು. ಗಡಿಯಾರ ನೋಡಿದರು. "ಎಪ್ಪತ್ತೆರಡು. ಕುದುರೆ ಹಾಗಿದ್ದೀರಿ. ಆಫ್ ಮಾಡಿ."

ರಾಯರು ಆಫ್ ಮಾಡಿದರು. ಹತ್ತು ನಿಮಿಷ ಒಳಗೆ ಉಸ್ಸೆಂದು ಕೂತು, ಆಮೇಲೆ ಬೇರೆ ದಾರಿ ಕಾಣದೆ ಬಾಲ್ಕನಿಗೆ ಬಂದರು. ಎಂಟು ವರ್ಷದಲ್ಲಿ ಅವರು ಬಾಲ್ಕನಿಗೆ ಬಂದದ್ದು ಅದೇ ಮೊದಲು. ಎದುರಿಗೆ ಮರವೊಂದಿತ್ತು. "ಇದು ಯಾವಾಗ ಬಂತು?" ಎಂದು ಕೇಳಿದರು. ಅದು ಕಟ್ಟಡಕ್ಕಿಂತ ಮೊದಲಿಂದಲೂ ಅಲ್ಲೇ ಇತ್ತು.

ದಿನ ಸಮೀಪಿಸಿದಂತೆ ಕಟ್ಟಡಕ್ಕೆ ಹುಚ್ಚೇ ಹಿಡಿಯಿತು. ಪರಸ್ಪರ ಗೋಡೆ ಮುಟ್ಟಿ ನೋಡುವುದು ಕುಶಲ ವಿಚಾರಿಸುವ ಕ್ರಮವೇ ಆಗಿಹೋಯಿತು. "ನಿಮ್ಮದು ಇನ್ನೂ ಬೆಚ್ಚಗಿದೆಯಲ್ರೀ" ಎಂದರೆ ಕೇಳಿದವರ ಮುಖ ಬಾಡುತ್ತಿತ್ತು. ಭಾವಮೈದ ರಾಯರಿಗಿಂತ ತನ್ನದು ನೀಲಿಯಾಗಲೆಂದು ಎರಡು ಬಳ್ಳಿ ಹೆಚ್ಚಿಗೆ ತಂದ. ರಾಯರು ನಾಲ್ಕು ತಂದರು. ಆಯ್ತಪ್ಪನವರು ಅಂಗಡಿಯ ರಟ್ಟಿನ ಹಾಳೆಗಳನ್ನೆಲ್ಲ ನರ್ಸಮ್ಮನ ಮನೆಯ ಸೂರಿನಡಿಗೆ ಒಪ್ಪವಾಗಿ ಜೋಡಿಸಿ ಅಂಟಿಸಿಕೊಟ್ಟರು. ಅದನ್ನು ಯಾರೂ ಹೇಳಿರಲಿಲ್ಲ. ಮನಸ್ಸಿನೊಳಗೆ ಚುಚ್ಚುತ್ತಿದ್ದ ಸೂಜಿಗೆ ಅದೊಂದು ಮುಲಾಮು.

ಹದಿನೈದನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ತಂಪು ಮೇಡಂ ಕೈಯಲ್ಲಿ ದಪ್ಪ ಕಡತ ಹಿಡಿದು, ಕ್ಯಾಮೆರಾ ಹೊತ್ತು ಬಂದರು. ಕಟ್ಟಡದವರೆಲ್ಲ ಗೇಟಿನ ಮುಂದೆ ಪರೀಕ್ಷೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿದ್ದರು. ಆಕೆ ತಲೆ ಎತ್ತಿ ನೋಡಿದರು. ಹಾಲಿನಂಥ ತಾರಸಿಯ ಅಂಚು, ಇಳಿಬಿದ್ದ ಚಾಪೆ, ತೂಗಾಡುವ ಬಳ್ಳಿ, ಸದ್ದಿಲ್ಲದ ಎಸಿ ಪೆಟ್ಟಿಗೆ. ಕಡತ ಕೈಯಿಂದ ಜಾರಿತು.

"ಇದೆಲ್ಲ... ಇದನ್ನೆಲ್ಲ ನೀವೇ ಮಾಡಿದ್ರಾ? ಇದನ್ನ ಹೇಗೆ ಮಾಡಬೇಕು ಅಂತ ಹೇಳಿಕೊಡೋಕೆ ನಾನು ಎಪ್ಪತ್ತು ಪುಟ ಬರೆದು ತಂದಿದ್ದೀನಿ!"

"ಏನನ್ನ?" ಎಂದ ಭಾವಮೈದ. "ಒಡೆಯೋದನ್ನಾ?"

"ಒಡೆಯೋದಾ? ಯಾರು ಒಡೀತಾರೆ?"

"ಕೆಂಪು ತೆಗೀಬೇಕು ಅಂದ್ರಲ್ಲ ನೀವು!"

"ಹೌದು. ಬಿಸಿ ತೆಗೀಬೇಕು ಅಂದೆ. ಮನೆ ತೆಗೀಬೇಕು ಅಂದ್ನಾ?"

ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಭಾವಮೈದನ ಕಡೆ ತಿರುಗಿದರು. ಅವನು ಕೆಮ್ಮಿದ. "ನಾನೂ ಅದನ್ನೇ ಹೇಳಿದ್ದು. ನಿಮಗೆ ಅರ್ಥವಾಗ್ಲಿಲ್ಲ" ಎಂದ.

"ಅರ್ಜಿ ಕೊಟ್ಟ ಯಜಮಾನ್ರು ಎಲ್ಲಿ?" ಎಂದು ಮೇಡಂ ಕಣ್ಣೊರೆಸಿಕೊಂಡು ಹುಡುಕಿ, ಎಸಿ ರಾಯರ ಬೆನ್ನ ಹಿಂದೆ ಕುಗ್ಗಿ ನಿಂತಿದ್ದ ಆಯ್ತಪ್ಪನವರನ್ನು ಕೈಹಿಡಿದು ಎಳೆದು ಮುಂದೆ ತಂದರು. "ಇವರೇ! ಇವರೊಬ್ಬರು ಬರದೇ ಹೋಗಿದ್ರೆ..."

ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ನರ್ಸಮ್ಮ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದು ನಿಂತಿದ್ದರು.

"ನೀವಾ?"

ಜೀವಮಾನದಲ್ಲಿ ಮೊದಲ ಬಾರಿಗೆ ಆಯ್ತಪ್ಪನವರು "ಇಲ್ಲ" ಎನ್ನಲು ಹೊರಟರು. ನಾಲಿಗೆ ಅಭ್ಯಾಸವಿಲ್ಲದ ಆ ಅಕ್ಷರಗಳನ್ನು ಹುಡುಕಾಡಿತು, ಸಿಗಲಿಲ್ಲ. "ನಾನೇ, ನರ್ಸಮ್ಮ" ಎಂದರು ಕಡೆಗೆ. "ನೀರಿನ ಬಿಲ್ಲಿಗೆ ಹೋಗಿದ್ದೆ. ಬಿಸ್ಕತ್ತು ಕೊಟ್ರು. ಬೇಡ ಅನ್ನೋಕಾಗ್ಲಿಲ್ಲ."

ನರ್ಸಮ್ಮ ಮೊದಲ ಮಹಡಿಗೆ ಹೋದರು. ಆಯ್ತಪ್ಪನವರ ಕೈ ತಾನಾಗಿಯೇ ಹಿಂಬದಿಗೆ ಹೋಗಿ ಕಾವಲು ನಿಂತಿತು. ಆದರೆ ನರ್ಸಮ್ಮ ತಂದದ್ದು ಸೂಜಿಯಲ್ಲ, ಉಷ್ಣಮಾಪಕ. ಅದನ್ನು ಹಿಡಿದು ಮೆಟ್ಟಿಲೇರಿ ನಾಲ್ಕನೇ ಮಹಡಿಗೆ ಹೋದರು. ಹೋದವರು ಹೋದರೇ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಹೆದರಿ ಎಲ್ಲರೂ ಹತ್ತಿ ಹೋಗಿ ನೋಡಿದರೆ, ಗೋಡೆಯ ಮೇಲೆ ಉಷ್ಣಮಾಪಕ ಮೂವತ್ತಮೂರು ತೋರಿಸುತ್ತಿತ್ತು. ಅದರ ಕೆಳಗೆ ಬರೀ ನೆಲದ ಮೇಲೆ ನರ್ಸಮ್ಮ ಗೊರಕೆ ಹೊಡೆಯುತ್ತಿದ್ದರು.

ಬಾಗಿಲ ಸದ್ದಿಗೆ ಒಂದು ಕಣ್ಣು ತೆರೆದರು. "ಮೂರು ಬೇಸಿಗೆ ಆಯ್ತು ಈ ಮನೇಲಿ ಮಧ್ಯಾಹ್ನ ಕಣ್ಣು ಮುಚ್ಚಿ. ದ್ರೋಹಿಗೆ ಹೇಳಿ, ಇವತ್ತಿನ ಟಾನಿಕ್ಕು ಬಿಡಬಾರದು ಅಂತ" ಎಂದು ಮಗ್ಗುಲು ಬದಲಿಸಿದರು. ಹೆಂಡತಿ ಮೆಲ್ಲಗೆ ಬಾಗಿಲು ಮುಂದಕ್ಕೆ ಎಳೆದಳು.

ಸಂಜೆಯ ಹೊತ್ತಿಗೆ ಎದುರುಗಡೆ ಕಟ್ಟಡದವರು ಬಂದು ನಿಂತಿದ್ದರು. ಭಾವಮೈದ ಗೇಟಿಗೆ ಒರಗಿಕೊಂಡು, ಇಂಗಾಲವನ್ನು ತಾನೇ ಕಂಡುಹಿಡಿದವನಂತೆ ಅವರಿಗೆ ವಿವರಿಸುತ್ತಿದ್ದ. ಮೂರು ಪೆಟ್ಟಿಗೆಯಲ್ಲಿ ಎರಡನ್ನು ಬಿಚ್ಚಿಸಿಬಿಡುವುದಾಗಿ ರಾಯರು ಹೇಳಿದರು. ಅವರ ಸ್ವೆಟರ್ ಬಳ್ಳಿಯ ಕುಂಡದ ಮೇಲೆ ಒಣಗುತ್ತಿತ್ತು. ತಂಪು ಮೇಡಂ ಎಲ್ಲರನ್ನೂ ಅವರವರ ಬಾಲ್ಕನಿಯಲ್ಲಿ ನಿಲ್ಲಿಸಿ, ರಸ್ತೆಯಾಚೆಯಿಂದ ಆ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದು ತಂದು ತೋರಿಸಿದರು.

ಕಟ್ಟಡ ಕೆಳಗಿನಿಂದ ಮೇಲಿನವರೆಗೆ ನೀಲಿ. ಅದರ ನಡುವೆ ಮಹಡಿ ಮಹಡಿಗೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು.

ಭಾವಮೈದ ಪರದೆಗೆ ಮುಖ ತಂದ. "ಇನ್ನೂ ಕೆಂಪು ಉಳಿದಿದೆಯಲ್ಲ ಮೇಡಂ! ಇವನ್ನೂ ತೆಗೀಬೇಕಾ?"

"ಅಯ್ಯೋ ಬೇಡಪ್ಪ, ಅವರು ನೀವೆಲ್ಲ. ಮನುಷ್ಯರು ಕೆಂಪಾಗೇ ಇರಬೇಕು. ನೀಲಿಯಾದ್ರೆ ಅದು ನನ್ನ ವಿಭಾಗಕ್ಕೆ ಬರಲ್ಲ."

ಎಲ್ಲರೂ ನಕ್ಕು, ಬೆರಳಿಟ್ಟು ತಮ್ಮ ತಮ್ಮ ಚುಕ್ಕೆ ಹುಡುಕತೊಡಗಿದರು. ಮೇಡಂ ಮೊದಲ ಮಹಡಿಯ ಮೇಲೆ ಕಣ್ಣು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು. "ಇದೊಂದು ಮಾತ್ರ ಮಿಕ್ಕೆಲ್ಲದಕ್ಕಿಂತ ಕೆಂಪಾಗಿದೆಯಲ್ಲ. ಮುಖವಂತೂ ಕೆಂಡ. ಯಾರಿಗಾದ್ರೂ ಜ್ವರ ಇದೆಯಾ?"

ಹೆಂಡತಿ ಬಗ್ಗಿ ನೋಡಿದಳು.

"ಜ್ವರ ಅಲ್ಲ ಮೇಡಂ, ಅದು ನಮ್ಮೆಜಮಾನ್ರು. ಚಿತ್ರ ತೆಗೆಯೋವಾಗ ಎದುರು ಕಟ್ಟಡದವರು ಇವರನ್ನ ನೋಡಿ ಚಪ್ಪಾಳೆ ತಟ್ಟಿದ್ರಲ್ಲ, ಅದಕ್ಕೆ."